ಬ್ಯಾಟಿಂಗ್ ಬರ್ಲಿಲ್ಲ

ಅಕ್ಕನ ಮಗನಿಗೆ ಹನ್ನೊಂದು ವರ್ಷ. ಭಾವ ಕೆಲಸದ ಮೇಲೆ ಊರೂರು ಸುತ್ತುವವರು. ಅಕ್ಕ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಗಾಡಿ ಓಡಿಸಲ್ಲ ಅಂತ ಶಪಥ ಮಾಡಿದ್ದಾಳೆ. ಹಾಗಾಗಿ ಭಾನುವಾರದ ಮ್ಯಾಚುಗಳಿಗೆ ಹುಡುಗನನ್ನು ಕರೆದುಕೊಂಡು ಹೋಗುವ ಕೆಲಸ ಮಾಮನಾದ ನನ್ನ ಪಾಲಿಗೆ ಬಂದಿದೆ. ಇನ್ನೂ ಕತ್ತಲಿರುವಾಗಲೇ ಏಳಬೇಕು. ಅವನಷ್ಟೇ ಎತ್ತರದ ಕಿಟ್ ಬ್ಯಾಗನ್ನು ಡಿಕ್ಕಿಗೆ ತುರುಕಬೇಕು. ಊರೊಳಗೆ ಮೈದಾನ ಎಲ್ಲಿದೆ ಹೇಳಿ? ಕನಕಪುರ ರಸ್ತೆಯಲ್ಲೋ ಹೆಸರಘಟ್ಟದ ಕಡೆಗೋ ಯಾರೋ ತೋಟ ತೆಗೆದು ಹುಲ್ಲು ಬೆಳೆಸಿ ಪಿಚ್ ಮಾಡಿರುತ್ತಾರೆ, ಅಲ್ಲಿಗೆ ಹೋಗಬೇಕು. ಇದರಲ್ಲಿ ನನಗೇನೂ ಬೇಜಾರಿಲ್ಲ. ದಾರಿಯಲ್ಲಿ ತಟ್ಟೆ ಇಡ್ಲಿ ಸಿಗುತ್ತೆ, ಮರದ ನೆರಳಲ್ಲಿ ಕೂತು ಕ್ರಿಕೆಟ್ ನೋಡಬಹುದು. ಬೇರೆಯವರ ಮಕ್ಕಳ ಆಟ ನೋಡೋದು ನಿಜಕ್ಕೂ ಸುಖದ ಕೆಲಸ.

ಒಂದು ಭಾನುವಾರದ ಮ್ಯಾಚ್ ಮಾತ್ರ ತಲೆಯಿಂದ ಹೋಗುತ್ತಿಲ್ಲ. ಹನ್ನೆರಡು ವರ್ಷದೊಳಗಿನವರ ಮೂವತ್ತು ಓವರಿನ ಆಟ. ನಮ್ಮವರು ಟಾಸ್ ಗೆದ್ದು ಬ್ಯಾಟಿಂಗ್ ತಗೊಂಡರು. ನಮ್ಮ ಹುಡುಗ ಒಂಬತ್ತನೇ ಕ್ರಮಾಂಕ. ಮೊದಲ ಇಬ್ಬರು ಚೆನ್ನಾಗಿ ಆಡುವವರು, ಇಪ್ಪತ್ತು ಓವರ್ ನಿಂತುಬಿಟ್ಟರು. ಬಿದ್ದದ್ದು ನಾಲ್ಕೇ ವಿಕೆಟ್. ಇವನು ಪ್ಯಾಡ್ ಕಟ್ಟುವ ಪ್ರಸಂಗವೇ ಬರಲಿಲ್ಲ. ಆಮೇಲೆ ಫೀಲ್ಡಿಂಗ್. ಒಂದು ಓವರ್ ಫೈನ್ ಲೆಗ್, ಇನ್ನೊಂದು ಓವರ್ ಥರ್ಡ್ ಮ್ಯಾನ್, ಎರಡೂ ಕೀಪರ್ ಹಿಂದೆ ದೂರದ ಬೌಂಡರಿ ಹತ್ತಿರದ ಜಾಗಗಳು. ಕಡೆ ತನಕ ಇವನ ಹತ್ತಿರ ಚೆಂಡು ಬಂದದ್ದು ಎರಡು ಸಲ. ಅದರಲ್ಲೊಂದು ವೈಡ್, ಕೀಪರ್ ಕೈತಪ್ಪಿ ಬೌಂಡರಿಗೆ ಓಡಿತ್ತು. ಬೌಲಿಂಗ್ ಕೊಡಲಿಲ್ಲ. ತಂಡ ಭರ್ಜರಿಯಾಗಿ ಗೆದ್ದಿತು. ಗುಂಪಿನ ಫೋಟೋದಲ್ಲಿ ಇವನೂ ಬೆರಳೆತ್ತಿ ನಿಂತ.

ವಾಪಸ್ ಬರುವಾಗ ಕೇಳಿದೆ, ‘ಹೇಗಿತ್ತೋ?’

‘ಟಿಎಫ್‌ಸಿ, ಮಾಮ.’

‘ಹಂಗಂದ್ರೆ?’

‘ಥ್ಯಾಂಕ್ಸ್ ಫಾರ್ ಕಮಿಂಗ್. ಬ್ಯಾಟಿಂಗೂ ಬರ್ಲಿಲ್ಲ, ಬೌಲಿಂಗೂ ಬರ್ಲಿಲ್ಲ, ಒಂದ್ ಕ್ಯಾಚೂ ಇಲ್ಲ ಅಂದ್ರೆ ಟಿಎಫ್‌ಸಿ.’

ಕ್ಲಬ್ ಕ್ರಿಕೆಟ್ಟಿನಲ್ಲಿ ಇದು ಹಳೇ ತಮಾಷೆಯಂತೆ, ನನಗೆ ಗೊತ್ತಿರಲಿಲ್ಲ. ಈ ಮಕ್ಕಳು ಯಾರಿಗೆ ಎಷ್ಟು ಟಿಎಫ್‌ಸಿ ಆಗಿದೆ ಅಂತ ಲೆಕ್ಕ ಬೇರೆ ಇಟ್ಟಿದ್ದಾರೆ. ಇವನು ಅದನ್ನು ನಗುತ್ತಲೇ ಹೇಳಿದ. ಅತ್ತಿದ್ದರೆ ನನಗೆ ಇಷ್ಟು ಕಾಡುತ್ತಿರಲಿಲ್ಲವೋ ಏನೋ. ಹನ್ನೊಂದರ ಹುಡುಗ ಆಡದೇ ಇರೋದಕ್ಕೆ ಒಗ್ಗಿಹೋಗಿದ್ದಾನೆ ಅನ್ನೋದೇ ವಿಚಿತ್ರ ಅನ್ನಿಸಿತು. ಒಂದು ಹೊತ್ತಿನ ನಿದ್ದೆ, ಅರ್ಧ ದಿನ, ಪೆಟ್ರೋಲು, ಮ್ಯಾಚ್ ಫೀ, ಬಿಳಿ ಬಟ್ಟೆ ಒಗೆಯೋ ಅಕ್ಕನ ಶ್ರಮ. ಇಷ್ಟೆಲ್ಲ ಹಾಕಿದ್ದು ಎರಡು ಸಲ ಚೆಂಡು ಎತ್ತಿ ಎಸೆಯೋದಕ್ಕೆ.

ಕುರ್ಚಿ ಹಾಕಿಕೊಂಡವರು

ಬೌಂಡರಿ ಗೆರೆಯ ಹೊರಗೆ ಅಪ್ಪ ಅಮ್ಮಂದಿರು ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಎಲ್ಲರ ಕೈಯಲ್ಲೂ ಫೋನು, ಫೋನಿನಲ್ಲಿ ಸ್ಕೋರ್ ಆ್ಯಪ್. ಮ್ಯಾಚ್ ಕಣ್ಣ ಮುಂದೆಯೇ ನಡೆಯುತ್ತಿದ್ದರೂ ಆ್ಯಪ್ ನೋಡದೆ ಇರೋಕಾಗಲ್ಲ. ಅದರಲ್ಲಿ ಪ್ರತಿ ಮಗುವಿನ ಜಾತಕ ಇದೆ. ಒಟ್ಟು ರನ್, ಸರಾಸರಿ, ಸ್ಟ್ರೈಕ್ ರೇಟ್, ಯಾವ ಥರ ಔಟಾಗಿದ್ದಾನೆ, ಎಲ್ಲ. ನನ್ನ ಪಕ್ಕದಲ್ಲಿ ಕೂರುವ ಒಬ್ಬರಿಗೆ ತಮ್ಮ ಮಗನದು ಹೋಗಲಿ, ಎದುರಾಳಿ ತಂಡದ ಹುಡುಗರ ಅಂಕಿಅಂಶವೂ ಬಾಯಿಪಾಠ. ‘ಇವ್ನಾ? ಇವ್ನು ಲೆಗ್ ಸ್ಪಿನ್ನಿಗೆ ಔಟಾಗ್ತಾನೆ ಸಾರ್’ ಅನ್ನುತ್ತಾರೆ. ಅವರು ಮಾತಾಡುತ್ತಿರುವುದು ಹಾಲುಹಲ್ಲು ಪೂರ್ತಿ ಉದುರದ ಹುಡುಗನ ಬಗ್ಗೆ.

ಅವರ ಮಗ ಒಳ್ಳೆಯ ಆಟಗಾರ, ಅದರಲ್ಲಿ ಅನುಮಾನವಿಲ್ಲ. ಆದರೆ ಒಂದೊಂದು ಚೆಂಡು ಆಡಿದ ಮೇಲೂ ಅವನು ಕತ್ತು ತಿರುಗಿಸಿ ಕುರ್ಚಿಗಳ ಕಡೆ ನೋಡುತ್ತಾನೆ. ಇಲ್ಲಿಂದ ‘ಫ್ರಂಟ್ ಫುಟ್, ಫ್ರಂಟ್ ಫುಟ್!’ ಅಂತ ಕೂಗು ಹೋಗುತ್ತೆ. ಹುಡುಗ ತಲೆ ಆಡಿಸುತ್ತಾನೆ. ಅವತ್ತು ಒಮ್ಮೆ ಸ್ಕ್ವೇರ್ ಲೆಗ್ ಮೇಲೆ ಎತ್ತಿ ಹೊಡೆಯಲು ಹೋಗಿ ಕ್ಯಾಚಿತ್ತ. ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿ ಗ್ಲೌಸ್ ಬಿಚ್ಚುತ್ತಾ ಬಂದವನು ಕೋಚ್ ಕಡೆ ನೋಡಲಿಲ್ಲ. ಅಪ್ಪನನ್ನು ಹುಡುಕಿದ. ಅಪ್ಪ ಆಗಲೇ ಕುರ್ಚಿ ಬಿಟ್ಟೆದ್ದು ಕಾರುಗಳ ಕಡೆ ನಡೆಯುತ್ತಿದ್ದರು, ಬೆನ್ನು ಮಾಡಿ. ಹುಡುಗ ಅಲ್ಲೇ ಗೆರೆಯ ಮೇಲೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಹೆಲ್ಮೆಟ್ ತೆಗೆಯದೇ ನೀರಿನ ಕ್ಯಾನ್ ಪಕ್ಕ ಹೋಗಿ ಕೂತ. ಹೆಲ್ಮೆಟ್ ಯಾಕೆ ತೆಗೆಯಲಿಲ್ಲ ಅಂತ ನಮ್ಮ ಹುಡುಗನನ್ನು ಕೇಳಿದರೆ, ‘ಅಳೋದು ಕಾಣ್ಬಾರ್ದಲ್ಲ’ ಅಂದ. ಅದು ಅವರಿಗೆಲ್ಲ ಗೊತ್ತಿರುವ ಉಪಾಯ.

ಅಂದರೆ ಅವತ್ತು ಸುಖವಾಗಿ ಆಡಿದ್ದು ಯಾರು? ನಮ್ಮವನಿಗೆ ಆಟವೇ ಸಿಗಲಿಲ್ಲ. ಆಟ ಸಿಕ್ಕವನಿಗೆ ಹೆಲ್ಮೆಟ್ ಒಳಗೆ ಅಳಬೇಕಾಯಿತು.

ಆ ತಂದೆಯನ್ನು ಖಳನಾಯಕ ಮಾಡೋದು ಸುಲಭ. ನಾನು ಮಾಡಲ್ಲ. ಅವರು ಬೆಳಗ್ಗೆ ನಾಲ್ಕೂವರೆಗೆ ಎದ್ದು ಮಗನಿಗೆ ಥ್ರೋಡೌನ್ (ಹತ್ತಿರದಿಂದ ಚೆಂಡು ಎಸೆದು ಮಾಡಿಸುವ ಬ್ಯಾಟಿಂಗ್ ಅಭ್ಯಾಸ) ಹಾಕಿಸಿ ಆಮೇಲೆ ಆಫೀಸಿಗೆ ಹೋಗುವ ಮನುಷ್ಯ. 2024ರ ನವೆಂಬರಿನಲ್ಲಿ ಐಪಿಎಲ್ ಹರಾಜಿನಲ್ಲಿ ವೈಭವ್ ಸೂರ್ಯವಂಶಿ 1.10 ಕೋಟಿ ರೂಪಾಯಿಗೆ ಹೋದಾಗ ಅವನಿಗೆ 13 ವರ್ಷ. ಮುಂದಿನ ಏಪ್ರಿಲ್‌ನಲ್ಲಿ 35 ಎಸೆತಕ್ಕೆ ಶತಕ ಹೊಡೆದ. ಆವತ್ತಿನಿಂದ ದೇಶದ ಎಷ್ಟು ಮನೆಗಳಲ್ಲಿ ಅಪ್ಪಂದಿರಿಗೆ ನಿದ್ದೆ ಕೆಟ್ಟಿದೆಯೋ. ಹನ್ನೊಂದು ವರ್ಷ ಅಂದರೆ ‘ಇನ್ನೆರಡೇ ವರ್ಷ’ ಅಂತ ಲೆಕ್ಕ ಹಾಕುವ ಹಾಗಾಗಿದೆ. ಐಪಿಎಲ್ ಇಲ್ಲದಿದ್ದರೂ ‘ಸ್ಟೇಟ್ ಆಡಿದ್ರೆ ಸ್ಪೋರ್ಟ್ಸ್ ಕೋಟಾದಲ್ಲಿ ಎಂಜಿನಿಯರಿಂಗ್ ಸೀಟು’ ಅನ್ನೋ ಮಾತು ಕುರ್ಚಿಗಳ ಸಾಲಿನಲ್ಲಿ ಆಗಾಗ ಬರುತ್ತೆ. ಸುಳ್ಳೇನೂ ಅಲ್ಲ, ಆ ಕೋಟಾ ಇದೆ. ಆಟವೂ ಟ್ಯೂಷನ್ನೂ ಕೊನೆಗೆ ಸೇರುವುದು ಸಿಇಟಿ ಹತ್ತಿರವೇ.

ಅರಸೀಕೆರೆಯ ಕ್ವಾರ್ಟರ್ಸಿನಲ್ಲಿ

ನಾನು ಬೆಳೆದದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಹಳೇ ಕಾಲ ಚೆನ್ನಾಗಿತ್ತು ಅಂತ ಹಾಡುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ನಮ್ಮಲ್ಲೂ ಹೊಡೆದಾಟ ಆಗುತ್ತಿತ್ತು, ಮೋಸ ಆಗುತ್ತಿತ್ತು, ಬ್ಯಾಟಿನ ಓನರ್ ಔಟಾದರೆ ಬ್ಯಾಟ್ ಎತ್ತಿಕೊಂಡು ಮನೆಗೆ ಹೋಗಿಬಿಡುತ್ತಿದ್ದ. ಗೆಲ್ಲಬೇಕು ಅನ್ನೋ ಛಲವಂತೂ ಈಗಿನವರಿಗಿಂತ ಒಂದು ಕೈ ಜಾಸ್ತಿಯೇ. ಲೋಕೋ ಶೆಡ್ ಕಡೆಯ ಹುಡುಗರಿಗೆ ಸೋತರೆ ಆ ವಾರ ಆ ಕಡೆಯ ಅಂಗಡಿಗೆ ಹೋಗುತ್ತಿರಲಿಲ್ಲ. ಮಕ್ಕಳಿಗೆ ಪೈಪೋಟಿ ಇಷ್ಟವಿಲ್ಲ, ದೊಡ್ಡವರು ಹೇರುತ್ತಾರೆ ಅಂತ ಕೆಲವರು ಹೇಳುತ್ತಾರಲ್ಲ, ಅವರು ಮಕ್ಕಳು ಗೋಲಿ ಆಡೋದನ್ನು ನೋಡಿಲ್ಲ.

ಆದರೆ ಆ ಆಟದ ಕಾನೂನುಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳಿ. ಮೊದಲು ತಂಡ ಮಾಡುವುದು. ಇಬ್ಬರು ಕ್ಯಾಪ್ಟನ್ ನಿಲ್ಲುತ್ತಾರೆ. ಮಿಕ್ಕವರು ಸಮಸಮ ಇರುವವರು ಜೋಡಿಯಾಗಿ, ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ ಗುಟ್ಟಾಗಿ ಹೆಸರಿಟ್ಟುಕೊಂಡು ಬರುತ್ತಾರೆ. ‘ಹುಲಿ ಬೇಕಾ ಸಿಂಹ ಬೇಕಾ?’ ಕ್ಯಾಪ್ಟನ್ ಹುಲಿ ಅಂದರೆ ಒಬ್ಬ ಈ ಕಡೆ, ಸಿಂಹ ಆ ಕಡೆ. ಚೆನ್ನಾಗಿ ಆಡುವವರಿಬ್ಬರು ಒಂದೇ ಕಡೆ ಸೇರುವ ಹಾಗೇ ಇಲ್ಲ. ಕೊನೆಯಲ್ಲಿ ಉಳಿದವನು ಅನ್ನೋ ಅವಮಾನವೂ ಇಲ್ಲ. ಬೆಸ ಸಂಖ್ಯೆ ಆದರೆ ಒಬ್ಬ ಜೋಕರ್, ಎರಡೂ ಕಡೆ ಬ್ಯಾಟಿಂಗ್. ಅದಕ್ಕಂತೂ ಜಗಳ ಬೀಳುತ್ತಿತ್ತು, ಎಲ್ಲರಿಗೂ ಜೋಕರ್ ಆಗಬೇಕು.

ಆಮೇಲೆ ಆಟದ ಒಳಗಿನ ಕಾನೂನು. ಮೊದಲ ಚೆಂಡು ಟ್ರಯಲ್, ಔಟಾದರೂ ಔಟಿಲ್ಲ. ಯಾರಾದರೂ ವೈಡ್ ಮೇಲೆ ವೈಡ್ ಹಾಕುತ್ತಿದ್ದರೆ ಬೇಬಿ ಓವರ್, ಮೂರು ಚೆಂಡಿಗೆ ಓವರ್ ಮುಗಿಸಿ ಅವನ ಮರ್ಯಾದೆ ಉಳಿಸಿ ಬೇರೆಯವನಿಗೆ ಚೆಂಡು ಕೊಡುವುದು. ಸ್ಟೇಷನ್ ಮಾಸ್ಟರ್ ಕಾಂಪೌಂಡ್ ಒಳಗೆ ನೇರ ಬಿದ್ದರೆ ಔಟ್. ಅದು ಮಾಸ್ಟರ್ ಹೆಂಡತಿಗೆ ಹೆದರಿ ಮಾಡಿದ್ದಾದರೂ, ಬಲವಾಗಿ ಹೊಡೆಯುವ ದೊಡ್ಡ ಹುಡುಗರಿಗೆ ಅದೇ ಕಡಿವಾಣ. ಎಲ್ಲರೂ ಔಟಾದ ಮೇಲೂ ಲಾಸ್ಟ್ ಮ್ಯಾನ್ ಒಬ್ಬನೇ ಆಡಬಹುದು. ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳುವ ಕೆಲಸ ಹಚ್ಚಿ ಅಮ್ಮಂದಿರು ಕಳಿಸುತ್ತಿದ್ದರಲ್ಲ, ಆ ಚಿಳ್ಳೆಪಿಳ್ಳೆಗಳು ಆಟಕ್ಕುಂಟು ಲೆಕ್ಕಕ್ಕಿಲ್ಲ. ಅವರಿಗೆ ಅಂಡರ್ ಆರ್ಮ್ ಹಾಕಿ, ಮೂರು ಸಲ ಬೌಲ್ಡ್ ಆದರೂ ‘ನೋ ಬಾಲ್’ ಅಂತ ಕೂಗಿ, ಒಂದು ಸಲ ಬ್ಯಾಟಿಗೆ ತಾಗಿದ ಮೇಲೆ ಔಟ್ ಕೊಡುವುದು. ಒಂದು ಕಡೆಯವರು ಎರಡು ಆಟ ಸತತವಾಗಿ ಗೆದ್ದರೆ ಮೂರನೆಯದಕ್ಕೆ ತಂಡ ಒಡೆದು ಮತ್ತೆ ಜೋಡಿ.

ಈಗ ಯೋಚಿಸಿದರೆ ಇವೆಲ್ಲ ಒಂದೇ ಉದ್ದೇಶಕ್ಕೆ ಮಾಡಿದ ಕಾನೂನುಗಳು. ಆಟ ನಿಲ್ಲಬಾರದು, ಯಾರೂ ಬೇಜಾರಾಗಿ ಮನೆಗೆ ಹೋಗಬಾರದು. ಇದರಲ್ಲಿ ದೊಡ್ಡ ಮನಸ್ಸೇನೂ ಇರಲಿಲ್ಲ. ನಾಲ್ಕು ಜನ ಮನೆಗೆ ಹೋದರೆ ಫೀಲ್ಡಿಂಗಿಗೆ ಜನ ಇಲ್ಲ, ಆಟ ಖಲಾಸ್. ಆಮೇಲೆ ಏಕಪಕ್ಷೀಯ ಆಟ ಗೆದ್ದವನಿಗೂ ಬೋರು. ಸೋಲು ಗೆಲುವು ಕಡೆಯ ಚೆಂಡಿನ ತನಕ ತೂಗಾಡಬೇಕು, ಅದಕ್ಕೆ ಎರಡೂ ಕಡೆ ಸಮ ಇರಬೇಕು. ಈ ಸತ್ಯ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ದೊಡ್ಡವರು ಕೈಯಿಟ್ಟ ಕೂಡಲೇ ಬದಲಾಗುವುದು ಇದೇ. ಪೈಪೋಟಿ ಹೊಸದಾಗಿ ಬರುವುದಿಲ್ಲ, ಅದು ಮೊದಲೇ ಇತ್ತು. ಆಟವನ್ನು ಸಮ ಮಾಡುವ ಕೆಲಸ ನಿಂತುಹೋಗುತ್ತದೆ. ಅಕಾಡೆಮಿಗಳು ಒಳ್ಳೆಯವರನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕಿಕೊಳ್ಳುತ್ತವೆ. ಗೆದ್ದ ತಂಡವನ್ನು ಒಡೆಯುವುದಿಲ್ಲ.

ಸಾವಿರದ ಒಂಬತ್ತು ರನ್

ಇದರ ತುತ್ತತುದಿ ನೋಡಬೇಕಾದರೆ 2016ರ ಜನವರಿಗೆ ಹೋಗಬೇಕು. ಮುಂಬೈ ಪಕ್ಕದ ಕಲ್ಯಾಣದಲ್ಲಿ ಭಂಡಾರಿ ಕಪ್ ಅನ್ನುವ ಶಾಲಾ ಟೂರ್ನಿ. ಆಟೋ ಚಾಲಕರೊಬ್ಬರ ಮಗ, 15 ವರ್ಷದ ಪ್ರಣವ್ ಧನಾವಡೆ, 327 ಎಸೆತದಲ್ಲಿ ಅಜೇಯ 1009 ಹೊಡೆದ. 1899ರಲ್ಲಿ ಇಂಗ್ಲೆಂಡಿನ ಶಾಲಾ ಹುಡುಗ ಎ.ಇ.ಜೆ. ಕಾಲಿನ್ಸ್ ಹೊಡೆದಿದ್ದ 628ರ ದಾಖಲೆ ಮುರಿದುಬಿತ್ತು. ಪತ್ರಿಕೆಗಳಲ್ಲಿ ಮುಖಪುಟ, ಟಿವಿಯಲ್ಲಿ ಇಡೀ ದಿನ ಅದೇ. ಆ ಹುಡುಗನ ತಾಳ್ಮೆ, ಕಸುವು ಎರಡೂ ಅಸಾಧಾರಣ. ಅದನ್ನು ಯಾರೂ ಕಿತ್ತುಕೊಳ್ಳಬೇಕಾಗಿಲ್ಲ.

ಆದರೆ ಸ್ಕೋರ್ ಕಾರ್ಡಿನ ಇನ್ನೊಂದು ಬದಿ ನೋಡಿ. ಅವನ ತಂಡ 3 ವಿಕೆಟ್‌ಗೆ 1465 ಹೊಡೆದು ಡಿಕ್ಲೇರ್ ಮಾಡಿತು. ಎದುರು ತಂಡ ಮೊದಲು 31, ಆಮೇಲೆ 52. ಗೆಲುವಿನ ಅಂತರ ಇನಿಂಗ್ಸ್ ಮತ್ತು 1382 ರನ್. ಆ ಎದುರು ತಂಡದಲ್ಲಿದ್ದವರಲ್ಲಿ ಬಹಳಷ್ಟು ಜನ ಸಣ್ಣ ಹುಡುಗರು ಅಂತ ಆಗಲೇ ಸುದ್ದಿಯಾಗಿತ್ತು. ಆ ಮಕ್ಕಳು ಎರಡು ದಿನ ಚೆಂಡು ಹೆಕ್ಕಿದರು. ಬರೀ ಪ್ರಣವ್ ಹೊಡೆದದ್ದೇ 129 ಬೌಂಡರಿ, 59 ಸಿಕ್ಸರ್. ಅಷ್ಟು ಸಲ ಯಾರೋ ಒಬ್ಬ ಹುಡುಗ ಬೇಲಿ ತನಕ ಓಡಿ ಬರಬೇಕು. ಒಂದು ಹಂತದಲ್ಲಿ ಯಾರಾದರೂ ದೊಡ್ಡವರು ‘ಸಾಕು ಮಗಾ, ಈಗ ಬೇರೆಯವರು ಆಡಲಿ’ ಅನ್ನಬಹುದಿತ್ತು. ನಮ್ಮ ಕ್ವಾರ್ಟರ್ಸಿನಲ್ಲಾಗಿದ್ದರೆ ಐವತ್ತಕ್ಕೇ ಫೀಲ್ಡರುಗಳೆಲ್ಲ ಮನೆಗೆ ಹೋಗಿರುತ್ತಿದ್ದರು. ಮಕ್ಕಳು ಕೈಬಿಟ್ಟು ಹೋಗುವ ಹಾಗಿದ್ದರೆ ಆಟ ತಾನಾಗೇ ಸರಿಹೋಗುತ್ತೆ. ಯೂನಿಫಾರ್ಮ್ ಹಾಕಿ, ಅಂಪೈರ್ ಇಟ್ಟು, ಮೇಷ್ಟ್ರನ್ನು ನಿಲ್ಲಿಸಿದ ಮೇಲೆ ಅವರು ಹೋಗುವ ಹಾಗಿಲ್ಲ.

ಆ ದಾಖಲೆ ಪ್ರಣವ್‌ಗೂ ಭಾರವೇ ಆಯಿತು. ಅಲ್ಲಿಂದಾಚೆ ಅವನು ಹೊಡೆದ ಮೂವತ್ತು ನಲವತ್ತೆಲ್ಲ ಸುದ್ದಿಯಾದದ್ದು ‘ಸಾವಿರದ ಹುಡುಗ ಈಗ ಎಲ್ಲಿ’ ಅನ್ನುವ ತಲೆಬರಹದ ಕೆಳಗೆ.

ಲೆಕ್ಕ ಇಡದವರು, ಪಿಚ್ ಚಿಕ್ಕದು ಮಾಡಿದವರು

ಈ ವಿಷಯ ಎತ್ತಿದಾಗೆಲ್ಲ ನಾರ್ವೆಯ ಹೆಸರು ಬರುತ್ತೆ, ಬರಲೇಬೇಕು. ಅಲ್ಲಿ ಮಕ್ಕಳ ಕ್ರೀಡೆಗೆ 1987ರಿಂದಲೇ ದೇಶಕ್ಕೆಲ್ಲ ಒಂದೇ ನಿಯಮಾವಳಿ ಇದೆ. 2007ರಲ್ಲಿ ಮಕ್ಕಳ ಹಕ್ಕುಗಳನ್ನೂ ಅದಕ್ಕೆ ಸೇರಿಸಿದರು. ಹನ್ನೊಂದನೇ ವರ್ಷಕ್ಕೆ ಮೊದಲು ಫಲಿತಾಂಶದ ಪಟ್ಟಿ, ರ‍್ಯಾಂಕಿಂಗ್ ಹಾಕುವಂತಿಲ್ಲ. ಹದಿಮೂರಕ್ಕೆ ಮೊದಲು ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಬಹುಮಾನ ಕೊಡುವುದಾದರೆ ಹನ್ನೆರಡರ ತನಕ ಎಲ್ಲರಿಗೂ ಕೊಡಬೇಕು. ಮಕ್ಕಳು ಸೋಮಾರಿಗಳಾಗುತ್ತಾರೆ ಅಂತ ನಮ್ಮ ಕುರ್ಚಿಯವರು ಹೇಳಬಹುದು. ಆ ದೇಶದ ಜನಸಂಖ್ಯೆ ಸುಮಾರು 55 ಲಕ್ಷ, ಬೆಂಗಳೂರಿನ ಅರ್ಧಕ್ಕಿಂತ ಕಡಿಮೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದರು. ಅಲ್ಲಿಯ ತನಕ ಯಾವ ದೇಶವೂ ಒಂದು ಚಳಿಗಾಲದ ಕೂಟದಲ್ಲಿ ಅಷ್ಟು ಗೆದ್ದಿರಲಿಲ್ಲ. ಹಿಮ ಇದೆ, ದುಡ್ಡಿದೆ, ನಿಜ. ಎಲ್ಲವೂ ನಿಯಮದ ಪುಣ್ಯ ಅಂತ ಹೇಳೋಕಾಗಲ್ಲ. ಆದರೆ ಹನ್ನೊಂದರ ತನಕ ಲೆಕ್ಕ ಇಡದಿದ್ದರೆ ದೇಶ ಮುಳುಗಲ್ಲ ಅನ್ನುವಷ್ಟಂತೂ ಖಾತ್ರಿ.

ನನಗೆ ಇದಕ್ಕಿಂತ ಇಷ್ಟವಾದದ್ದು ಆಸ್ಟ್ರೇಲಿಯಾದವರು ಮಾಡಿದ ಕೆಲಸ. ಅವರು ಉಪದೇಶಕ್ಕೆ ಹೋಗಲಿಲ್ಲ, ಟೇಪು ಹಿಡಿದು ಪಿಚ್ ಅಳೆದರು. ದೊಡ್ಡವರ ಪಿಚ್ 22 ಗಜ, ಅಂದರೆ 20 ಮೀಟರ್‌ಗಿಂತ ತುಸು ಹೆಚ್ಚು. ಹತ್ತು ವರ್ಷದ ಕೈಯಿಂದ ಅಷ್ಟು ದೂರಕ್ಕೆ ಚೆಂಡು ನೆಟ್ಟಗೆ ಹೋಗಲ್ಲ. ಎರಡು ಪುಟ ಬೀಳುತ್ತೆ, ಇಲ್ಲ ವೈಡ್ ಹೋಗುತ್ತೆ. ಬ್ಯಾಟಿಗೆ ತಾಗುವ ಚೆಂಡೇ ಕಡಿಮೆ. ಹಾಗಾಗಿ ಚಿಕ್ಕವರಿಗೆ ಪಿಚ್ಚನ್ನು 16 ಮೀಟರ್ ಮಾಡಿದರು. ಬೌಂಡರಿ ಹತ್ತಿರ ತಂದರು. ತಂಡಕ್ಕೆ ಹನ್ನೊಂದರ ಬದಲು ಏಳು ಜನ. ಎಲ್ಲರೂ ಬ್ಯಾಟ್ ಮಾಡಬೇಕು, ಎಲ್ಲರೂ ಬೌಲ್ ಮಾಡಬೇಕು. ಇದರಲ್ಲಿ ಪೈಪೋಟಿ ಕಡಿಮೆ ಆಗಿಲ್ಲ, ಸೋಲು ಗೆಲುವು ಹಾಗೇ ಇದೆ. ಆಟ ಜಾಸ್ತಿಯಾಗಿದೆ. ಫೈನ್ ಲೆಗ್ಗಿನಲ್ಲಿ ಹುಲ್ಲು ಕೀಳುತ್ತಾ ನಿಲ್ಲುವವರು ಇಲ್ಲ. ನಮ್ಮ ಬೇಬಿ ಓವರಿನ ಬುದ್ಧಿಯೇ ಇದು, ಅಲ್ವಾ? ನಾವು ಕಾಗದದ ಮೇಲೆ ಬರೆದಿಡಲಿಲ್ಲ, ಅಷ್ಟೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎಲ್ಲರಿಗೂ ಮೆಡಲ್ ಕೊಟ್ಟರೆ ಸರಿಹೋಗುತ್ತೆ ಅನ್ನುವುದನ್ನು ನಾನು ಒಪ್ಪಲ್ಲ. ನಮ್ಮ ಹುಡುಗನ ಬೇಸಿಗೆ ಶಿಬಿರದ ಕೊನೆಗೆ ಎಲ್ಲರ ಕೊರಳಿಗೂ ಒಂದೊಂದು ಹಾಕಿದರು. ಮನೆಗೆ ಬಂದವನು ಅದನ್ನು ನಾಯಿಯ ಕೊರಳಿಗೆ ಹಾಕಿದ. ಸ್ಕೋರ್ ಬೋರ್ಡ್ ಮುಚ್ಚಿದರೂ ಮಕ್ಕಳು ಮನಸ್ಸಿನಲ್ಲೇ ಲೆಕ್ಕ ಇಡುತ್ತಾರೆ. ಅವರಿಗೆ ಬೇಕಾಗಿರೋದು ಬ್ಯಾಟಿಂಗು.

ಅಕಾಡೆಮಿಗಳನ್ನಷ್ಟೇ ದೂರುವುದೂ ತಪ್ಪು. ಸರ್ಕಾರಿ ಶಾಲೆಗಳ ಹೋಬಳಿ ಮಟ್ಟದ ಕ್ರೀಡಾಕೂಟ ನೋಡಿದವರಿಗೆ ಗೊತ್ತು. ಅದೇ ನಾಲ್ಕು ಮಕ್ಕಳು ನೂರು ಮೀಟರೂ ಓಡುತ್ತಾರೆ, ಉದ್ದ ಜಿಗಿತವೂ ಜಿಗಿಯುತ್ತಾರೆ, ಖೋ ಖೋಗೂ ಅವರೇ. ಉಳಿದವರು ಶಾಮಿಯಾನದ ಕೆಳಗೆ ಸಾಲಾಗಿ ಕೂತು ಚಪ್ಪಾಳೆ ತಟ್ಟಿ, ಅನ್ನ ಸಾಂಬಾರು ಊಟ ಮಾಡಿ ಹೋಗುತ್ತಾರೆ. ಪಿ.ಟಿ. ಮೇಷ್ಟ್ರಿಗೆ ಸಮಗ್ರ ಪ್ರಶಸ್ತಿ ಬೇಕು, ತಾಲೂಕಿಗೆ ಹೋಗುವ ಮಕ್ಕಳು ಬೇಕು. ಓಡಲು ಬಾರದ ಮಗು ಓಡುವುದು ಕಲಿಯುವ ಪೀರಿಯಡ್ಡು ಗಣಿತದವರ ಪಾಲಾಗಿರುತ್ತದೆ.

ಇನ್ನು ವಯಸ್ಸಿನ ಕತೆ. ಮೀಸೆ ಚಿಗುರಿದ ಹನ್ನೆರಡರವರನ್ನು ನಾನೂ ನೋಡಿದ್ದೇನೆ. ರಾಹುಲ್ ದ್ರಾವಿಡ್ 2015ರಲ್ಲಿ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಇದನ್ನೇ ಎತ್ತಿಕೊಂಡು ಮಾತಾಡಿದ್ದರು. ಹೆತ್ತವರು, ಕೋಚ್ ಸೇರಿ ಸುಳ್ಳು ಜನನ ಪತ್ರ ಮಾಡಿಸುವುದನ್ನು ನೋಡಿದ ಮಗು ಏನು ಕಲಿಯುತ್ತೆ ಅನ್ನುವುದು ಅವರ ಪ್ರಶ್ನೆ. ತನ್ನ ಹುಟ್ಟಿದ ದಿನವನ್ನೇ ಸುಳ್ಳು ಹೇಳಬೇಕಾದ ಹುಡುಗನಿಗೆ ಆಟ ಎಲ್ಲಿಂದ ಖುಷಿ ಕೊಡುತ್ತೆ?

ಕೊಡಗಿನ ಕಡೆ ಒಂದು ನೋಟ

ಗೆಲುವಿನ ಹಟ ಮತ್ತು ಖುಷಿ ಒಟ್ಟಿಗಿರಬಹುದು ಅನ್ನೋದಕ್ಕೆ ದೂರ ಹೋಗಬೇಕಾಗಿಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ ಇದೆಯಲ್ಲ. ಮೊದಲ ವರ್ಷ 60 ಕುಟುಂಬ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡ ಬಂದು ಗಿನ್ನೆಸ್ ದಾಖಲೆಯಾಯಿತು. ನಾಕೌಟ್ ಆಟ, ಸೋತವರು ಮನೆಗೆ. ಮನೆತನದ ಮಾನದ ಪ್ರಶ್ನೆ ಬೇರೆ. ಆದರೂ ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಸ್ಟಿಕ್ ಹಿಡಿದು ಇಳಿಯುತ್ತಾರೆ. ದೇಶಕ್ಕೆ ಆಡಿದವನ ಪಕ್ಕದಲ್ಲಿ ಶಾಲೆಗೆ ಹೋಗುವ ಹುಡುಗಿ ಇರಬಹುದು.

ಇದು ಯಾಕೆ ಸಾಧ್ಯ ಅಂತ ಯೋಚಿಸಿದ್ದೇನೆ. ಅಲ್ಲಿ ತಂಡ ಅಂದರೆ ಒಕ್ಕ, ಅಂದರೆ ಒಂದೇ ಮನೆತನದವರು. ಹೊರಗಿನಿಂದ ಒಳ್ಳೆಯ ಆಟಗಾರನನ್ನು ತರುವ ಹಾಗಿಲ್ಲ. ಚಿಕ್ಕ ಒಕ್ಕಕ್ಕೆ ಹನ್ನೊಂದು ಜನ ಹೊಂದಿಸುವುದೇ ಕಷ್ಟ, ಹಾಗಾಗಿ ಇದ್ದವರೆಲ್ಲ ಬೇಕು. ಬೇಕಾದವರಿಗೆ ಆಟ ಕಲಿಸಲೇಬೇಕು, ಚೆಂಡು ಪಾಸ್ ಮಾಡಲೇಬೇಕು. ಪ್ರತಿ ವರ್ಷ ಬೇಸಿಗೆಯಲ್ಲಿ ಸೋತು ಮನೆಗೆ ಬಂದರೂ ಮುಂದಿನ ವರ್ಷ ಅದೇ ಜರ್ಸಿ. ತಂಡದಿಂದ ತೆಗೆದುಹಾಕುವ ಭಯ ಇಲ್ಲದ ಕಡೆ ಪೈಪೋಟಿ ಎಷ್ಟಿದ್ದರೂ ಮಕ್ಕಳು ತಡೆದುಕೊಳ್ಳುತ್ತಾರೆ ಅಂತ ನನ್ನ ಊಹೆ.

ಇನ್ನೊಂದು ಉದಾಹರಣೆ ನಮ್ಮ ಮಲ್ಲೇಶ್ವರದ್ದೇ. ಪ್ರಕಾಶ್ ಪಡುಕೋಣೆ ಕಲಿತದ್ದು ಕೆನರಾ ಯೂನಿಯನ್ನಿನ ಮದುವೆ ಹಾಲ್‌ನಲ್ಲಿ. ಮದುವೆ ಮುಂಜಿ ಇಲ್ಲದ ದಿನ ಮಾತ್ರ ಅದು ಬ್ಯಾಡ್ಮಿಂಟನ್ ಕೋರ್ಟ್. ಇವತ್ತು ಹಾಲ್ ಖಾಲಿ ಇದೆಯಾ ಅಂತ ಕಾದು, ಇದ್ದರೆ ಶಾಲೆ ಬಿಟ್ಟ ಕೂಡಲೇ ಓಡುತ್ತಿದ್ದರಂತೆ. 1962ರಲ್ಲಿ ರಾಜ್ಯ ಜೂನಿಯರ್ ಟೂರ್ನಿಗೆ ಇಳಿದಾಗ ಏಳು ವರ್ಷ, ಮೊದಲ ಸುತ್ತಿನಲ್ಲೇ ಸೋತರು. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಈಗಿನ ಏಳು ವರ್ಷದವನು ಮೊದಲ ಸುತ್ತಿನಲ್ಲಿ ಸೋತರೆ ಕೋಚ್ ಬದಲಾಯಿಸುವ ಮಾತು ಶುರುವಾಗುತ್ತೆ. ಆಟ ಸಿಗುತ್ತೋ ಇಲ್ಲವೋ ಅಂತ ದಿನಾ ಕಾಯುವ ಆಸೆ ಹುಟ್ಟೋದಕ್ಕಂತೂ ಆಸ್ಪದವೇ ಇಲ್ಲ. ಆರು ದಿನ ಬೆಳಗ್ಗೆ ಸಂಜೆ ಕೋಚಿಂಗ್.

ಕೋಚ್ ಹೇಳಿದ್ದು

ಕೊನೆಗೆ ಒಂದಿನ ಕೋಚ್ ಹತ್ತಿರವೇ ಕೂತು ಮಾತಾಡಿದೆ. ಮೂವತ್ತರ ಆಸುಪಾಸಿನವರು, ಲೀಗ್ ಆಡಿದವರು, ಒಳ್ಳೆಯ ಮನುಷ್ಯ. ‘ಸಾರ್, ನೀವ್ ಹೇಳೋದು ಸರಿ’ ಅಂದರು. ‘ನಾನು ಎಲ್ರಿಗೂ ಬ್ಯಾಟಿಂಗ್ ಕೊಟ್ಟೆ ಅನ್ಕೊಳಿ. ಎರಡ್ ಮ್ಯಾಚ್ ಸೋಲ್ತೀವಿ. ಟಾಪ್ ಮೂರು ಹುಡುಗರ ಪೇರೆಂಟ್ಸ್ ಪಕ್ಕದ ಅಕಾಡೆಮಿಗೆ ಹೋಗ್ತಾರೆ. ಅವ್ರು ಹೋದ್ರೆ ಅವ್ರನ್ನ ನೋಡ್ಕೊಂಡ್ ಸೇರಿರೋ ಇಪ್ಪತ್ ಜನ ಹೋಗ್ತಾರೆ. ನೆಟ್ಸಿನ ಬಾಡಿಗೆ ಯಾರ್ ಕಟ್ತಾರೆ?’

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಫೀಸು ಬರುವುದು ಒಂಬತ್ತನೇ ಕ್ರಮಾಂಕದವರಿಂದ. ಅವರು ಸೇರುವುದು ಒಂದನೇ ಕ್ರಮಾಂಕದವನನ್ನು ನೋಡಿ. ಆಟ ಸಿಗದ ಹುಡುಗರ ದುಡ್ಡಿನಲ್ಲಿ ಆಟ ಸಿಗುವ ಹುಡುಗರು ಬೆಳೆಯುತ್ತಾರೆ. ಕೋಚ್ ಒಬ್ಬರೇ ಬದಲಾದರೆ ಅವರ ಅಂಗಡಿ ಮುಚ್ಚುತ್ತೆ. ‘ಎಲ್ರಿಗೂ ಒಂದೇ ರೂಲ್ ಬಂದ್ರೆ ನಂಗೇನ್ ಕಷ್ಟ, ನಾಳೆಯಿಂದ್ಲೇ ಮಾಡ್ತೀನಿ’ ಅಂದರು. ಅದು ಸರಿ ಕೂಡ. ನಾರ್ವೆಯಲ್ಲಿ ಆದದ್ದು ಅದೇ, ಒಂದೊಂದು ಕ್ಲಬ್ಬಿನ ಒಳ್ಳೆಯತನಕ್ಕೆ ಬಿಡದೆ ಎಲ್ಲರಿಗೂ ಕಾನೂನು ಮಾಡಿದರು. ಇಂಗ್ಲೆಂಡಿನಲ್ಲಿ ಎಳೆ ವೇಗದ ಬೌಲರ್‌ಗಳು ದಿನಕ್ಕೆ ಇಷ್ಟೇ ಓವರ್ ಹಾಕಬೇಕು ಅಂತ ವಯಸ್ಸಿಗೆ ತಕ್ಕ ಮಿತಿ ಇದೆ, ಬೆನ್ನು ಉಳಿಯಲಿ ಅಂತ. ಬೆನ್ನಿಗೆ ಕಾನೂನು ಮಾಡಬಹುದಾದರೆ ಇದಕ್ಕೂ ಮಾಡಬಹುದು. ಟೂರ್ನಿ ನಡೆಸುವವರು ಒಂದು ಸುತ್ತೋಲೆ ಹೊರಡಿಸಿದರೆ ಆಯಿತು: ಹನ್ನೆರಡರೊಳಗಿನ ಆಟದಲ್ಲಿ ಕೀಪರ್ ಬಿಟ್ಟು ಪ್ರತಿಯೊಬ್ಬರೂ ಒಂದು ಓವರ್ ಹಾಕಬೇಕು, ಮೂವತ್ತು ಹೊಡೆದವರು ರಿಟೈರ್ ಆಗಬೇಕು, ಪಿಚ್ 16 ಮೀಟರ್.

ಅದು ಬರುವ ತನಕ ಕಾಯೋಕಾಗಲ್ಲ ಅಂತ ತಿಂಗಳಿಗೊಂದು ಭಾನುವಾರ ನಾವು ಕೆಲವರು ಸೇರಿ ಅದೇ ಹುಡುಗರಿಗೆ ಈ ಕಾನೂನಿನ ಆಟ ಇಟ್ಟುಕೊಂಡಿದ್ದೇವೆ. ಕೋಚ್ ಮ್ಯಾಟ್ ಕೊಡುತ್ತಾರೆ, ಅಂಪೈರಿಂಗ್ ನಮ್ಮದು. ಟೆನಿಸ್ ಬಾಲ್. ತಂಡ ಮಾಡುವುದು ಹುಲಿ ಸಿಂಹದ ಲೆಕ್ಕದಲ್ಲಿ. ಅದನ್ನು ಹುಡುಗರಿಗೆ ನಾನೇ ಹೇಳಿಕೊಟ್ಟೆ. ಅವರು ಹುಲಿ ಸಿಂಹ ಬಿಟ್ಟು ಕೊಹ್ಲಿ ಬೂಮ್ರಾ ಅಂತ ಮಾಡಿಕೊಂಡಿದ್ದಾರೆ. ಕುರ್ಚಿಯ ಸಾಲು ಅರ್ಧ ಖಾಲಿ. ‘ಇದು ಆ್ಯಪ್‌ಗೆ ಹತ್ತಲ್ಲ ಅಂದ್ಮೇಲೆ ಯಾಕ್ ಬರ್ಬೇಕು’ ಅಂತ ಇಬ್ಬರು ಮೂವರು ಮಕ್ಕಳನ್ನು ಕಳಿಸುವುದು ನಿಲ್ಲಿಸಿದ್ದಾರೆ. ಆ ಒಳ್ಳೆಯ ಬ್ಯಾಟ್ಸ್‌ಮನ್ ಹುಡುಗನೂ ಬರುತ್ತಿರಲಿಲ್ಲ. ಹೋದ ಸಲ ಅಪ್ಪ ಊರಲ್ಲಿಲ್ಲ ಅಂತ ಅಮ್ಮನ ಜೊತೆ ಬಂದಿದ್ದ. ಮೂವತ್ತಕ್ಕೆ ರಿಟೈರ್ ಮಾಡಿಸಿದ್ದಕ್ಕೆ ನನ್ನ ಹತ್ತಿರ ಅರ್ಧ ಗಂಟೆ ಜಗಳ ಆಡಿದ. ನಲವತ್ತು ಮಾಡಿ ಅಂಕಲ್, ಇಲ್ಲಾಂದ್ರೆ ಜೋಕರ್ ನಾನೇ ಅಂತ ಹಟ. ನಮ್ಮ ಹುಡುಗ ಆಗಲ್ಲ ಅಂದ, ಜೋಕರ್ ತಾನಂತೆ. ಮುಂದಿನ ಸಲಕ್ಕೆ ಮೂವತ್ತೋ ನಲವತ್ತೋ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ.